ಗದಗಕ್ಕೊಂದು ದತ್ತಿನಿಧಿ ಬೇಕು

ಗದಗ-ಬೆಟಗೇರಿಯಲ್ಲಿ ದಾನಿಗಳಿಗೆ ಕೊರತೆಯಿಲ್ಲ. ಕೊಟ್ಟ ಹಣವನ್ನು ಒಂದೆಡೆ ಕೂಡಿಸಿ ನಡೆಸುವ ವ್ಯವಸ್ಥೆ ಬೇಕಾಗಿದೆ. ಸರ್ಕಾರಿ ಶಾಲೆಗೆ ಫ್ಯಾನ್ ಕೊಡಿಸಿದವರ ಹೆಸರು ಅದರ ರೆಕ್ಕೆಯ ಮೇಲೇ ಇರುತ್ತದೆ (ತಿರುಗುವಾಗ ಓದಲಾಗದು, ಆ ಮಾತು ಬೇರೆ). ಅದು ಕೆಟ್ಟು ನಿಂತರೆ ರಿಪೇರಿಗೆ ದಾನಿ ಸಿಗುವುದಿಲ್ಲ. 1890ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ದತ್ತಿ ಉಪನ್ಯಾಸಗಳು ನಮಗೆ ಹೊಸತಲ್ಲ. ಮೂಲಧನ ಮುಟ್ಟದೆ ಬಡ್ಡಿಯಲ್ಲಿ ಖರ್ಚು ನಡೆಸುವ ದತ್ತಿ ಪದ್ಧತಿ ಶಾಲೆ, ಗ್ರಂಥಾಲಯಗಳಿಗೂ ಒಗ್ಗುತ್ತದೆ. ಪ್ರತ್ಯೇಕ ಟ್ರಸ್ಟ್ ಕಟ್ಟಹೊರಟರೆ ನೋಂದಣಿ, ಲೆಕ್ಕಪರಿಶೋಧನೆ, ತೆರಿಗೆ ವಿನಾಯಿತಿ ಎಂದು ಅಲೆಯುವುದರಲ್ಲೇ ಉತ್ಸಾಹ ಇಂಗಿಹೋಗುತ್ತದೆ. ಆದ್ದರಿಂದ ಈ ಭಾಗದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಪ್ರತಿಷ್ಠಾನವೊಂದರ ಆಶ್ರಯದಲ್ಲಿ ಗದಗದ ಹೆಸರಿನಲ್ಲೇ ನಿಧಿ ತೆರೆಯಲು ವರ್ತಕರು, ಹಳೆಯ ವಿದ್ಯಾರ್ಥಿಗಳು ಮುಂದಾಗಲಿ. ಹಣ ಯಾವುದಕ್ಕೆ ಎಂಬುದನ್ನು ಊರಿನ ಸಮಿತಿಯೇ ತೀರ್ಮಾನಿಸಲಿ, ವರ್ಷದ ಲೆಕ್ಕ ಪತ್ರಿಕೆಗಳಲ್ಲಿ ಪ್ರಕಟವಾಗಲಿ.

– ಓರ್ವ ಓದುಗ, ಬೆಟಗೇರಿ