ನಗರ ದಾಟುವವರಿಗೆ ಬೇಕಾದ ಲೆಕ್ಕ

ಮಾನ್ಯ ಸಂಪಾದಕರೇ,

2025ರ ಆಗಸ್ಟ್‌ನಲ್ಲಿ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಆರಂಭವಾದ ಮೇಲೆ, ಕೆಂಗೇರಿ ಮತ್ತು ರಾಜರಾಜೇಶ್ವರಿನಗರದ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ಇಡೀ ದಾರಿಯನ್ನು ಮೆಟ್ರೊದಲ್ಲೇ ಕ್ರಮಿಸಬಹುದಾಗಿದೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ಹಸಿರು ಮಾರ್ಗದ ರೈಲು ಹಿಡಿದು, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿದರೆ ಆಯಿತು. ಆದರೆ ನೈರುತ್ಯದಿಂದ ಆಗ್ನೇಯಕ್ಕೆ ಹೋಗಬೇಕಾದವರು ಇದಕ್ಕಾಗಿ ಊರಿನ ನಡುಮಧ್ಯದವರೆಗೆ ಹೋಗಿ, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಲಾಲ್‌ಬಾಗ್ ದಾಟಿಕೊಂಡು ಪುನಃ ದಕ್ಷಿಣಕ್ಕೆ ಇಳಿಯಬೇಕಾಗುತ್ತದೆ.

ಇದಕ್ಕಿಂತ ಹತ್ತಿರದ ದಾರಿ ಇಲ್ಲದಿಲ್ಲ. ನಾಯಂಡಹಳ್ಳಿಯಲ್ಲಿ ಮೆಟ್ರೊ ಇಳಿದು, ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಬನಶಂಕರಿಗೆ ಹೋದರೆ, ಅಲ್ಲಿಂದ ಆರ್.ವಿ. ರಸ್ತೆಗೆ ಮೆಟ್ರೊದಲ್ಲಿ ಒಂದೇ ನಿಲ್ದಾಣ. ಬಸ್ಸು ಕೂಡಲೇ ಸಿಕ್ಕಿ, ಕತ್ರಿಗುಪ್ಪೆ ಮತ್ತು ಕಾಮಾಕ್ಯ ಜಂಕ್ಷನ್‌ಗಳಲ್ಲಿ ವಾಹನಗಳು ಸರಾಗವಾಗಿ ಸಾಗುತ್ತಿದ್ದರೆ ಇದೇ ಲೇಸು. ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಮೆಜೆಸ್ಟಿಕ್ ಸುತ್ತು ಹಾಕಿಬಂದವರೇ ಮೊದಲು ತಲುಪುತ್ತಾರೆ. ಒಂಬತ್ತಕ್ಕೆ ಹಾಜರಿ ಹಾಕಬೇಕಾದ ನೌಕರರಿಗೆ ಮುಖ್ಯವಾಗುವುದು ಸರಾಸರಿ ಪ್ರಯಾಣದ ಅವಧಿಯಲ್ಲ, ತೀರಾ ಕೆಟ್ಟ ದಿನ ಎಷ್ಟು ಹೊತ್ತಾಗಬಹುದು ಎಂಬುದು. ಆದ್ದರಿಂದಲೇ ಬೆಳಿಗ್ಗೆ ಸುತ್ತುದಾರಿಯ ಮೆಟ್ರೊವನ್ನೂ, ಯಾರಿಗೂ ಉತ್ತರ ಕೊಡಬೇಕಿಲ್ಲದ ಸಂಜೆ ಬಸ್ಸನ್ನೂ ಆರಿಸಿಕೊಳ್ಳುವುದು ವಿವೇಕವೇ ಆಗಿದೆ. ಹೋದ ದಾರಿಯಲ್ಲೇ ಹಿಂತಿರುಗಬೇಕೆಂಬ ನಿಯಮವೇನೂ ಇಲ್ಲವಲ್ಲ.

ಕಾಯುವ ಸಮಯವೂ ದಾರಿಯ ಉದ್ದದಷ್ಟೇ ಮುಖ್ಯ. ಹಳದಿ ಮಾರ್ಗ ಮೂರೇ ರೈಲುಗಳೊಂದಿಗೆ ಶುರುವಾದಾಗ ಎರಡು ರೈಲುಗಳ ನಡುವೆ 25 ನಿಮಿಷಗಳ ಅಂತರವಿತ್ತು. ಹಸಿರು ಮಾರ್ಗದ ರೈಲಿನಿಂದ ಇಳಿದ ಜನ ಆರ್.ವಿ. ರಸ್ತೆಯ ಎಸ್ಕಲೇಟರ್‌ನ ಮೇಲೂ ಓಡುತ್ತಿದ್ದುದು ಆ ಕಾರಣಕ್ಕೇ. ಮುಂದೆ ರೈಲುಗಳು ಸೇರ್ಪಡೆಯಾದಂತೆ ಅಂತರ ಕಡಿಮೆಯಾಗಿ, ಹಳಿಯಾಗಲಿ ನಿಲ್ದಾಣವಾಗಲಿ ಬದಲಾಗದಿದ್ದರೂ ಅದೇ ದಾರಿ ಹೆಚ್ಚು ಯೋಗ್ಯವಾಯಿತು.

ಇನ್ನು ದರದ ವಿಷಯ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದೂರ ಹೆಚ್ಚಿದಂತೆ ಕಿಲೊಮೀಟರಿಗೆ ತಗಲುವ ವೆಚ್ಚ ಇಳಿಯುವ ಪದ್ಧತಿ ಇದಾಗಿರುವುದರಿಂದ, ನಡುವೆ ಹೊರಬಂದು ಬಸ್ಸು ಹತ್ತಿ ಮತ್ತೆ ಒಳಹೊಕ್ಕವರು ಆ ಅನುಕೂಲವನ್ನು ಕಳೆದುಕೊಂಡು, ಬಸ್ಸಿನ ಟಿಕೆಟನ್ನೂ ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಖರ್ಚಿಲ್ಲ. ಹೀಗಾಗಿ ಒಂದೇ ಮನೆಯಿಂದ ಒಂದೇ ಕಚೇರಿಗೆ ಹೊರಡುವ ಗಂಡ ಹೆಂಡತಿಗೂ ಒಳ್ಳೆಯ ದಾರಿ ಬೇರೆ ಬೇರೆಯಾಗಿರಬಹುದು. ಎಲ್ಲರಿಗೂ ಒಂದೇ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗೆ ಇದು ತಿಳಿಯುವಂತಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಎಂಟಿಸಿ ಬಸ್ಸುಗಳು ಎಲ್ಲಿವೆ ಎಂಬುದನ್ನು ಮೊಬೈಲ್‌ನಲ್ಲಿ ನೋಡುವ ವ್ಯವಸ್ಥೆ ಈಗಾಗಲೇ ಇದೆ. ಅದೇ ಮಾಹಿತಿಯನ್ನು ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್‌ನಂಥ ನಿಲ್ದಾಣಗಳಲ್ಲಿ, ಪ್ರಯಾಣಿಕರು ಕಾರ್ಡ್ ತೋರಿಸಿ ಗೇಟು ದಾಟುವ ಮುನ್ನವೇ ಕಾಣುವಂತೆ, ಕನ್ನಡದಲ್ಲಿ ಪ್ರದರ್ಶಿಸಬೇಕು. ಹೊರಬಂದ ಮೇಲೆ ಬಸ್ಸಿಲ್ಲವೆಂದು ತಿಳಿದು ಪ್ರಯೋಜನವಿಲ್ಲ, ಅಷ್ಟರಲ್ಲಿ ಹಣ ಕಡಿತವಾಗಿರುತ್ತದೆ. ಜೊತೆಗೆ, ಒಂದು ಗಂಟೆಯೊಳಗೆ ಅದೇ ಕಾರ್ಡಿನಿಂದ ಮತ್ತೆ ಮೆಟ್ರೊ ಹತ್ತಿದವರ ಪ್ರಯಾಣವನ್ನು ಒಂದೇ ಪ್ರಯಾಣವೆಂದು ಪರಿಗಣಿಸಿ ದರ ವಿಧಿಸಬೇಕು. ನಗರದ ಸಾರಿಗೆ ಸಂಸ್ಥೆಗಳ ನಡುವೆ ಸಮನ್ವಯ ತರಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕಾಗಿ 2022ರ ಕಾಯ್ದೆ ಬಂದಿದೆ. ಆ ಪ್ರಾಧಿಕಾರ ದೊಡ್ಡ ಯೋಜನೆಗಳ ಜೊತೆಯಲ್ಲೇ ಈ ಎರಡು ಸಣ್ಣ ಕೆಲಸಗಳನ್ನೂ ಕೈಗೆತ್ತಿಕೊಂಡು, ಮೊದಲಿಗೆ ನಾಯಂಡಹಳ್ಳಿ–ಬನಶಂಕರಿ ನಡುವೆ ಪ್ರಯೋಗಿಸಿ ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಕೆಂಗೇರಿ ಉಪನಗರ