ಸ್ನಾತಕೋತ್ತರ ವಾಸ್ತುಶಿಲ್ಪ ಪ್ರವೇಶ: ಪರೀಕ್ಷಾ ಅಂಕಗಳ ಕುರಿತು ಸೂಚನೆ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಬಿ.ಆರ್ಕ್. ಮುಗಿಸುತ್ತಿರುವ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ವಿದ್ಯಾರ್ಥಿಗಳೂ ಅವರ ಪೋಷಕರೂ, ವಿದೇಶದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಅಂಕ ಎಷ್ಟಿರಬೇಕೆಂದು ಪದೇ ಪದೇ ವಿಚಾರಿಸುತ್ತಿರುವುದರಿಂದ ಈ ಸೂಚನೆಯನ್ನು ನೀಡಲಾಗುತ್ತಿದೆ.

ಅಮೆರಿಕದ ಹಲವು ವಾಸ್ತುಶಿಲ್ಪ ವಿಭಾಗಗಳು ಈಗ ಜಿಆರ್‌ಇ ಕೇಳುವುದೇ ಇಲ್ಲ. ಕೇಳುವ ಕಡೆಯೂ ಆಯ್ಕೆಯಲ್ಲಿ ಹೆಚ್ಚಿನ ತೂಕವಿರುವುದು ಅಭ್ಯರ್ಥಿಯ ವಿನ್ಯಾಸ ಕೆಲಸಗಳ ಸಂಗ್ರಹವಾದ ಪೋರ್ಟ್‌ಫೋಲಿಯೊಗೆ. ಗಣಿತ ವಿಭಾಗದಲ್ಲಿ 170ಕ್ಕೆ 170 ಬಂದರೂ ಸಪ್ಪೆ ಪೋರ್ಟ್‌ಫೋಲಿಯೊವನ್ನು ಅದು ಎತ್ತಿ ಹಿಡಿಯಲಾರದು. ಕಂಪ್ಯೂಟರಿನಲ್ಲಿ ಮಿರುಗಿಸಿದ ಹತ್ತು ಗೋಪುರಗಳಿಗಿಂತ, ಕೊಡವ ಕುಟುಂಬದ ಪೂರ್ವಜರ ಮನೆಯಾದ ಒಂದು ಐನ್‌ಮನೆಯನ್ನು ಸ್ವತಃ ಅಳೆದು, ಅದರ ಕೈಯಾಲೆ (ಮುಂಭಾಗದ ಜಗಲಿ), ಕಂಬಗಳ ನಡುವಿನ ಐಮರ (ಕೂರುವ ಮರದ ಹಲಗೆ), ಮಳೆನೀರು ಹರಿದುಹೋಗುವ ಇಳಿಜಾರು ಇವೆಲ್ಲವನ್ನೂ ನಕ್ಷೆ ಹಾಗೂ ಛೇದಚಿತ್ರಗಳಲ್ಲಿ ತೋರಿಸಿ, ಅದರಿಂದ ತಮ್ಮ ವಿನ್ಯಾಸ ಹೇಗೆ ಹುಟ್ಟಿತೆಂದು ವಿವರಿಸುವ ನಾಲ್ಕು ಪುಟಗಳೇ ಮೇಲೆಂಬುದು ನನ್ನ ಅಭಿಪ್ರಾಯ. ಉದ್ದೇಶ ಪತ್ರ ಮತ್ತು ಶಿಫಾರಸು ಪತ್ರಗಳೂ ಮುಖ್ಯವೇ.

ನಮ್ಮ ದೇಶದ ಮಾತು ಬೇರೆ. ಐಐಟಿ, ಎನ್‌ಐಟಿಗಳ ಎಂ.ಆರ್ಕ್. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್‌ನ ವಾಸ್ತುಶಿಲ್ಪ ಮತ್ತು ಯೋಜನೆ ಪತ್ರಿಕೆಯ ಅಂಕವೇ ಬಹುಮಟ್ಟಿಗೆ ನಿರ್ಣಾಯಕವಾದ್ದರಿಂದ, ಇಲ್ಲಿಯೇ ಓದುವವರು ಅದನ್ನು ಹಗುರವಾಗಿ ಕಾಣಬಾರದು. ರಾಜ್ಯದಲ್ಲಿ ಪಿಜಿಸಿಇಟಿ (ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆ) ದಾರಿಯೂ ಇದೆ.

ಜಿಆರ್‌ಇ ಅಂಕ 5 ವರ್ಷ, ಗೇಟ್ ಅಂಕ 3 ವರ್ಷ, ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಂಕ 2 ವರ್ಷ ಚಾಲ್ತಿಯಲ್ಲಿರುತ್ತದೆ. ಪರೀಕ್ಷಾ ಶುಲ್ಕ ಕಟ್ಟುವ ಮುನ್ನ ಆಯಾ ವಿಭಾಗದ ಜಾಲತಾಣದಲ್ಲಿ ಪ್ರಸಕ್ತ ವರ್ಷದ ನಿಯಮವನ್ನು ಓದಿಕೊಳ್ಳಬೇಕಾಗಿ ವಿನಂತಿ.

— ಗುಂಪಿನ ನಿರ್ವಾಹಕರು