ಗರ್ಭದಲ್ಲಿ ಸ್ಟೀರಾಯ್ಡ್ ಕೊಡುವ ಮುನ್ನ

ಚಿ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬಸಿರು ಇಲಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟೀರಾಯ್ಡ್ ಕೊಟ್ಟು ಮರಿಗಳ ಮಿದುಳು ನೋಡುವ ಕೆಲಸ ಹಿಡಿದಿದ್ದೀಯ, ಸಂತೋಷ. ಡೋಸ್ ಎಷ್ಟಿರಲಿ ಎಂದು ಕೇಳಿದ್ದೀಯ. ಅದಕ್ಕೂ ಮೊದಲು ಬಸಿರಿನ ಎಷ್ಟನೆಯ ದಿನ ಎಂದು ಕೇಳಿಕೊ. ಇಲಿ 21-22 ದಿನಕ್ಕೆ ಈಯುತ್ತದೆ, ಆದರೆ ಅದರ ಮಿದುಳು ಭರದಿಂದ ಬೆಳೆಯುವುದು ಹುಟ್ಟಿದ ಮೇಲೆ. ಗಿನಿಯಿಲಿಯ ಬಸಿರು ಸುಮಾರು 68 ದಿನ, ಕುರಿಯದು ಸುಮಾರು 147. ಅವುಗಳಲ್ಲಿ ಆ ಭರ ಬಹುಪಾಲು ಹೊಟ್ಟೆಯೊಳಗೇ ಕಳೆದಿರುತ್ತದೆ. ಹಾಗಾಗಿ ಇಲಿಯ 'ಕೊನೆಯ ವಾರ'ವನ್ನು ಕುರಿಯ ಕೊನೆಯ ವಾರಕ್ಕೆ ಹೋಲಿಸಿದರೆ ಲೆಕ್ಕವೇ ತಪ್ಪುತ್ತದೆ. ಗಂಡು ಸೇರಿಸಿದ ಮರುದಿನ ಯೋನಿಸ್ರಾವದಲ್ಲಿ ವೀರ್ಯಾಣು ಕಂಡರೆ ಆ ದಿನವನ್ನು ಬಸಿರಿನ 0ನೆಯ ದಿನ ಎನ್ನುತ್ತೀಯೋ 1ನೆಯ ದಿನ ಎನ್ನುತ್ತೀಯೋ, ಮೊದಲ ಪುಟದಲ್ಲೇ ಬರೆದಿಡು.

ತಾಯಿಯ ಸ್ವಂತ ಒತ್ತಡದ ಹಾರ್ಮೋನುಗಳಾದ ಕಾರ್ಟಿಸಾಲ್, ಕಾರ್ಟಿಕೊಸ್ಟೆರಾನ್‌ಗಳ ಬಹುಭಾಗವನ್ನು ಮಾಸಿನಲ್ಲಿರುವ 11-ಬೀಟಾ-ಎಚ್‌ಎಸ್‌ಡಿ-2 ಕಿಣ್ವ ನಿಷ್ಕ್ರಿಯಗೊಳಿಸುತ್ತದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ಗಳು ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. 1969ರಲ್ಲಿ ನ್ಯೂಜಿಲೆಂಡಿನ ವೈದ್ಯ ಲಿಗ್ಗಿನ್ಸ್ ಕುರಿಮರಿಗಳಲ್ಲಿ ಸ್ಟೀರಾಯ್ಡ್ ಶ್ವಾಸಕೋಶವನ್ನು ಬೇಗ ಬಲಿಸುತ್ತದೆಂದು ಕಂಡರು. ಇಂದು ಅಕಾಲ ಹೆರಿಗೆಯ ಶಿಶುಗಳನ್ನು ಉಳಿಸಲು ನೆರವಾಗುವುದು ಈ ಎರಡು ಔಷಧಗಳೇ. ಆದರೆ ಮಾಸು ದಾಟಿದ್ದು ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಮತ್ತೆಮತ್ತೆ ಬೀಟಾಮೆಥಾಸೋನ್ ಕೊಟ್ಟ ಕುರಿಗಳ ಮರಿಗಳಲ್ಲಿ ಮಿದುಳಿನ ತೂಕ ತಗ್ಗಿತು, ನರತಂತುಗಳ ಮೇಲಿನ ಮಯಲಿನ್ ಹೊದಿಕೆ ತಡವಾಯಿತು. ರೀಸಸ್ ಕೋತಿಗಳಲ್ಲಿ ಡೆಕ್ಸಾಮೆಥಾಸೋನ್‌ನಿಂದ ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್ಸಿನ ನರಕೋಶಗಳೇ ಕಡಿಮೆಯಾದವು. ಒಂದು ಸುತ್ತಿನ ಔಷಧವನ್ನೂ ಹಲವು ಸುತ್ತುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಇನ್ನು ಡೋಸ್. ಇಲಿಗೆ ಕೊನೆಯ ವಾರದಲ್ಲಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ, ಚರ್ಮದಡಿಯಲ್ಲಿ, ಎಂಬುದು ಬಹಳ ಮಂದಿ ಬಳಸಿರುವ ಪ್ರಮಾಣ. ಬಾಟಲಿಯಲ್ಲಿರುವುದು ಸೋಡಿಯಂ ಫಾಸ್ಫೇಟ್ ಲವಣವಾದರೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್‌ಗೆ ಸುಮಾರು 1.3 ಮಿಲಿಗ್ರಾಂ ಲವಣ ಬೇಕು. ಚುಚ್ಚುಮದ್ದಿನಲ್ಲಿ ಕೆಡದಂತೆ ಸೇರಿಸುವ ಸಲ್ಫೈಟ್ ಇದೆಯೇ ನೋಡು. ಅದೇ ನರಕೋಶಕ್ಕೆ ವಿಷವಾಗಬಲ್ಲದು. ಇದ್ದರೆ, ಹೋಲಿಕೆಗೆ ಇಟ್ಟ ಕಂಟ್ರೋಲ್ ಗುಂಪಿಗೂ ಔಷಧ ಬಿಟ್ಟು ಅದೇ ದ್ರಾವಣ ಹೋಗಲಿ. ಔಷಧ ಬಿದ್ದ ತಾಯಿ ಮೇವು ಕಡಿಮೆ ತಿನ್ನುತ್ತದೆ, ಆದ್ದರಿಂದ ಔಷಧವಿಲ್ಲದೆ ಅಷ್ಟೇ ಮೇವು ಕೊಟ್ಟ ಮೂರನೆಯ ಗುಂಪೊಂದು ಬೇಕೇ ಬೇಕು. ಇಲ್ಲದಿದ್ದರೆ ಹಸಿವಿನ ಪರಿಣಾಮವನ್ನು ಸ್ಟೀರಾಯ್ಡಿನದೆಂದು ಬರೆಯುತ್ತೀಯ. ಹುಟ್ಟಿದ ಮರುದಿನ ಪ್ರತಿ ಸೂಲನ್ನು 8 ಮರಿಗೆ ಇಳಿಸಿ, ಔಷಧ ಪಡೆಯದ ತಾಯಿಯ ಹಾಲಿಗೆ ಬಿಡು. ತಾಯಿಯ ಆರೈಕೆ ಬದಲಾದರೂ ಮರಿಯ ಒತ್ತಡದ ವ್ಯವಸ್ಥೆ ಬದಲಾಗುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ: 5 ತಾಯಂದಿರ 40 ಮರಿಗಳೆಂದರೆ ನಿನ್ನ ಎನ್, ಅಂದರೆ ಲೆಕ್ಕಕ್ಕೆ ಹಿಡಿಯುವ ಮಾದರಿಗಳ ಸಂಖ್ಯೆ, 5; 40 ಅಲ್ಲ. ಔಷಧ ಬಿದ್ದದ್ದು ತಾಯಿಗೆ. ಈ ತಪ್ಪಿನಿಂದ ಎಷ್ಟೋ ಪ್ರಾಣಿಗಳ ಜೀವ ವ್ಯರ್ಥವಾಗಿದೆ, ಅದು ನನಗೆ ನೋವಿನ ವಿಷಯ. ಗಂಡು ಹೆಣ್ಣು ಮರಿಗಳೆರಡನ್ನೂ ನೋಡು, ಫಲಿತಾಂಶ ಬೇರೆಯಾಗುವುದುಂಟು. ಕಾರ್ಟಿಕೊಸ್ಟೆರಾನ್‌ಗೆ ರಕ್ತವನ್ನು ದಿನದ ಒಂದೇ ಹೊತ್ತಿನಲ್ಲಿ, ಪ್ರಾಣಿಯನ್ನು ಮುಟ್ಟಿದ 3 ನಿಮಿಷದೊಳಗೆ ತೆಗೆ. ಕೋಶಗಳನ್ನು ಎಣಿಸುವಾಗ ಸಾಂದ್ರತೆ ಮಾತ್ರ ನಂಬಬೇಡ. ಹಿಪೊಕ್ಯಾಂಪಸ್ ಕುಗ್ಗಿದ್ದರೆ ಕೋಶ ಸತ್ತರೂ ಸಾಂದ್ರತೆ ಹಾಗೇ ಕಾಣುತ್ತದೆ. ಗಾತ್ರವನ್ನೂ ಅಳೆದು ಒಟ್ಟು ಸಂಖ್ಯೆ ತೆಗೆ.

ಮೊದಲ ಸೂಲಿನ ದೇಹದ ತೂಕ, ಮಿದುಳಿನ ತೂಕ ಎರಡನ್ನೂ ಕಳಿಸು, ಕೂತು ನೋಡೋಣ.

ಇತಿ,
ನಿನ್ನ ದೊಡ್ಡಪ್ಪ